ಹದಿನೇಳನೇ ಪೋರ್ಟಿನ ಕಿವುಡು

“ನಾನೇ ಸಿಕ್ಕಿಸಿದ್ದು, ಇಂಜಿನಿಯರಮ್ಮ. ಇಲ್ಲ ಅಂತ ನಾನ್ಯಾವಾಗ ಹೇಳ್ದೆ?” ಎಂದ ಶಹಾತಾ. “ವೈರು ನೇತಾಡ್ತಿತ್ತು, ಪಕ್ಕದಲ್ಲೇ ಗೋಡೇಲಿ ಖಾಲಿ ತೂತಿತ್ತು. ಸಿಕ್ಕಿಸ್ದೆ. ಅಷ್ಟಕ್ಕೆಲ್ಲ ಒಬ್ಬ ಮನುಷ್ಯ ಸಾಯ್ತಾನಾ?”

ಇನ್ಶಿರಾ ಸೂರ್ಯಕಾಂತಿ ಬೀಜವೊಂದನ್ನು ಹಲ್ಲಿನ ನಡುವೆ ಒಡೆದು ಸಿಪ್ಪೆಯನ್ನು ಅಂಗೈಗೆ ಉಗಿದಳು. ಟೀ ಮಾಡುವ ಆ ಮುದುಕನ ಎಡಗೈಯನ್ನು ಆಸ್ಪತ್ರೆಯ ಭದ್ರತಾ ಕೊಠಡಿಯ ಬೆಂಚಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದರು. ಬಲಗೈ ಮಾತ್ರ ಸುಮ್ಮನಿರಲಿಲ್ಲ. ಮೇಜಿನ ಮೇಲೆ ಓರೆಯಾಗಿ ಬಿದ್ದಿದ್ದ ಪೆನ್ನನ್ನು ನೇರ ಮಾಡಿತು, ಬೂದಿಬಟ್ಟಲನ್ನು ಮೂಲೆಗೆ ಸರಿಸಿತು, ಕೊನೆಗೆ ಪಕ್ಕದಲ್ಲಿ ನಿಂತಿದ್ದ ಕಾವಲುಗಾರನ ಕೋಟಿನಿಂದ ಜೋತುಬಿದ್ದಿದ್ದ ದಾರವನ್ನು ಕಿತ್ತುಹಾಕಿತು. ಕಾವಲುಗಾರ ಅದನ್ನು ಗಮನಿಸಲೂ ಇಲ್ಲ.

ಭಾನುವಾರ ಮಧ್ಯಾಹ್ನ ಅಲೆಕ್ಸಾಂಡ್ರಿಯಾದ ಈ ಆಸ್ಪತ್ರೆಯ ಕಂಪ್ಯೂಟರ್ ಜಾಲ ಇದ್ದಕ್ಕಿದ್ದಂತೆ ಉಸಿರುಕಟ್ಟಿ ನಿಂತಿತ್ತು. ಕ್ಯಾಮೆರಾಗಳು ಕುರುಡಾಗಿ ದಾದಿಯರ ಪರದೆಗಳು ಹೆಪ್ಪುಗಟ್ಟಿದ ಹೊತ್ತಿನಲ್ಲಿ, ಮೂರನೇ ಮಹಡಿಯಲ್ಲಿದ್ದ ಹತ್ತಿ ವ್ಯಾಪಾರಿ ಲಬೀಬ್ ಅಸ್ಸಾಲ್‌ನ ಆಮ್ಲಜನಕದ ಕೊಳವೆಯನ್ನು ಯಾರೋ ಕಿತ್ತಿದ್ದರು. ಮರುದಿನ ಅವನು ಬಂದರಿನ ಗೋದಾಮಿಗೆ ಬಿದ್ದ ಬೆಂಕಿಯ ಬಗ್ಗೆ ನ್ಯಾಯಾಧೀಶರ ಮುಂದೆ ಬಾಯಿ ಬಿಡಬೇಕಿತ್ತು. ಆ ಗೋದಾಮಿಗೆ ವಿಮೆ ಕೊಟ್ಟಿದ್ದ ಕಂಪನಿಯೇ, ಜಾಲ ಹೇಗೆ ಕೆಟ್ಟಿತೆಂದು ನೋಡಲು, ಇನ್ಶಿರಾಳನ್ನು ಇಲ್ಲಿಗೆ ಅಟ್ಟಿತ್ತು.

ಆಸ್ಪತ್ರೆಯವರ ಪ್ರಕಾರ ತನಿಖೆಗೆ ಏನೂ ಉಳಿದಿರಲಿಲ್ಲ. ಶಹಾತಾ ದುಡ್ಡು ತಿಂದು ವೈರು ಸಿಕ್ಕಿಸಿ ಜಾಲ ಕೆಡಿಸಿದ; ಅವನ ಕಡೆಯವನೊಬ್ಬ ಮೇಲೆ ಹೋಗಿ ಕೊಳವೆ ಕಿತ್ತ. ಬಡವ, ಮುದುಕ, ಮೇಲಾಗಿ ತಾನೇ ಒಪ್ಪಿಕೊಂಡವನು. ಇಷ್ಟು ಸಲೀಸಾದ ಆರೋಪಿ ಕೈಗೆ ಸಿಕ್ಕಿರುವಾಗ ದೊಡ್ಡ ಮನುಷ್ಯರು ಇನ್ನೊಬ್ಬನನ್ನು ಹುಡುಕುವ ಕಷ್ಟ ಯಾಕೆ ತೆಗೆದುಕೊಳ್ಳುತ್ತಾರೆ?

“ಆ ವೈರು ಯಾವಾಗಿನಿಂದ ನೇತಾಡ್ತಿತ್ತು, ಕಾಕಾ?”

“ಅವತ್ತು ಬೆಳಿಗ್ಗೆ ಬಾಗಿಲು ತೆಗೆದಾಗ್ಲೇ ಇತ್ತು. ಹೊಸಾ ನೀಲಿ ವೈರು. ಒಂದು ತುದಿ ಗೋಡೇಲಿ, ಇನ್ನೊಂದು ಸ್ಟವ್ ಪಕ್ಕ ಜೋಲಾಡ್ತಿತ್ತು. ಎರಡು ಸಲ ಎತ್ತಿ ಮೇಲಿಟ್ಟೆ, ಎರಡು ಸಲಾನೂ ಜಾರ್ತು. ಮಧ್ಯಾಹ್ನ ತಲೆಕೆಟ್ಟು ಪಕ್ಕದ ತೂತಿಗೆ ತುರುಕ್ದೆ.”

“ನಿಮಗೆ ಏನಾದ್ರೂ ಜೋಲಾಡೋದು ಕಂಡ್ರೆ ತಡ್ಕೊಳ್ಳೋಕಾಗಲ್ಲ ಅಂತ ಯಾರ್‍ಯಾರಿಗೆ ಗೊತ್ತು?”

ಶಹಾತಾ ಅಷ್ಟು ಸಂಕಟದಲ್ಲೂ ನಕ್ಕ. “ಯಾರಿಗೆ ಗೊತ್ತಿಲ್ಲ ಕೇಳಿ! ದೊಡ್ಡ ಡಾಕ್ಟರ ಶರ್ಟಿನ ಗುಂಡೀನ ನಾನೇ ಹಾಕಿದೀನಿ, ಅದೂ ಮಂತ್ರಿಗಳ ಎದುರಿಗೆ. ಇಡೀ ಆಸ್ಪತ್ರೆ ಒಂದು ವಾರ ನಕ್ಕಿತ್ತು.”

ಇನ್ಶಿರಾಳಿಗೆ ನಗು ಬರಲಿಲ್ಲ. ಯಾರೋ ಈ ಮುದುಕನನ್ನು ಬಹಳ ದಿನ ನೋಡಿದ್ದಾರೆ. ನೋಡಿ, ಲೆಕ್ಕ ಹಾಕಿ, ವೈರು ಜೋತುಬಿಟ್ಟು ಹೋಗಿದ್ದಾರೆ. ಇಲಿಗೆ ಬೋನು ಇಡುವವರು ಕೂಡ ಇಲಿಗೆ ಏನು ರುಚಿಸುತ್ತದೆ ಎಂದು ನೋಡಿಯೇ ತಿಂಡಿ ಇಡುತ್ತಾರೆ.

ಬಾಗಿಲು ತೆರೆಯಿತು. ಕಾವಲುಗಾರ ಸೆಟೆದು ನಿಂತ. ಬಂದವನು ಕರ್ನಲ್ ಬಹ್ಗತ್, ಆಸ್ಪತ್ರೆಯ ಭದ್ರತೆಯ ಮುಖ್ಯಸ್ಥ. ಸೈನ್ಯದಿಂದ ನಿವೃತ್ತನಾದವನು, ಇಸ್ತ್ರಿ ಮುರಿಯದ ಅಂಗಿ, ಕತ್ತರಿಸಿಟ್ಟ ಮೀಸೆ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ನಗರದಲ್ಲಿ ಯಾವ ಆಸ್ಪತ್ರೆಗೆ, ಯಾವ ಬ್ಯಾಂಕಿಗೆ ಹೋದರೂ ಇಂಥವನೊಬ್ಬ ಇರುತ್ತಾನೆ. ಕೆಲಸವೇನು ಎಂದು ಯಾರಿಗೂ ಗೊತ್ತಿರುವುದಿಲ್ಲ, ಆದರೆ ಎಲ್ಲರೂ ಪಾಶಾ ಎಂದು ಕರೆಯುತ್ತಾರೆ.

“ಮೇಡಂ, ಇಳಿಹೊತ್ತಿನ ಅಸರ್ ನಮಾಝ್ ಮುಗಿಯುತ್ತಲೇ ಪೊಲೀಸ್ ವ್ಯಾನ್ ಬರುತ್ತೆ,” ಎಂದ ಕರ್ನಲ್ ಸೌಜನ್ಯದಿಂದ. “ಅಷ್ಟರೊಳಗೆ ನಿಮ್ಮ ಶಾಸ್ತ್ರ ಏನಿದೆಯೋ ಮುಗಿಸಿಬಿಡಿ.”

“ನಂದು ತನಿಖೆ ಪಾಶಾ. ಶಾಸ್ತ್ರ ನೀವು ಆಗಲೇ ಮುಗಿಸಿಬಿಟ್ಟಿದೀರಲ್ಲ!”

ಕಾವಲುಗಾರ ನೆಲ ನೋಡಿದ. ಕರ್ನಲ್ ಮುಗುಳ್ನಕ್ಕ. ಇದೇ ನಾಲಿಗೆಯಿಂದ ಇನ್ಶಿರಾ ಮೂರು ಕೆಲಸ ಕಳೆದುಕೊಂಡಿದ್ದಳು, ಒಬ್ಬ ಗಂಡನನ್ನೂ. ಗಂಡನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ.

ಹೊರಡುವಾಗ ಶಹಾತಾ ಅವಳ ತೋಳು ಹಿಡಿದ. “ಇಂಜಿನಿಯರಮ್ಮ, ಒಂದ್ಸಲ ಒಳಗೆ ಹೋದ ಟೀ ಮಾಡೋನು ಹೊರಗೆ ಬಂದಿದ್ದು ಎಲ್ಲಾದ್ರೂ ಕಂಡಿದೀರಾ? ಡಾಕ್ಟರಿಗೆ ವಕೀಲರು ಬರ್ತಾರೆ. ನನಗ್ಯಾರು ಬರ್ತಾರೆ?”

“ನಾನು ಬರ್ತೀನಿ. ವ್ಯಾನ್ ಬಂದಾಗ ನಿಮ್ಮ ಪಕ್ಕದಲ್ಲಿ ನಿಂತಿರ್ತೀನಿ. ಅವರು ನಿಮ್ಮನ್ನ ಮುಟ್ಟೋಕೆ ಮೊದಲು ನನ್ನ ಮಾತು ಕೇಳಬೇಕು.”

“ಆಣೆ?”

“ಆಣೆ, ಕಾಕಾ.”

ಮುದುಕ ತೋಳು ಬಿಟ್ಟ. ಬಿಡುವ ಮುನ್ನ ಅವಳ ಅಂಗಿತೋಳಿನ ಮಡಿಕೆಯನ್ನು ಸರಿಮಾಡಿದ.

*

ಎರಡನೇ ಮಹಡಿಯ ವೈರುಗಳ ಕೋಣೆ ಎಂದರೆ ಒಂದು ದೊಡ್ಡ ಬೀರುವಿನಷ್ಟಿತ್ತು. ನೆಲ ಒರೆಸುವ ಕೋಲುಗಳು, ನೀರಿನ ಬಾಟಲಿಗಳ ಪೆಟ್ಟಿಗೆಗಳು, ಅವುಗಳ ನಡುವೆ ಕಬ್ಬಿಣದ ಚೌಕಟ್ಟಿನಲ್ಲಿ ಆ ಮಹಡಿಯ ಎಲ್ಲ ವೈರುಗಳೂ ಬಂದು ಸೇರುವ ಸ್ವಿಚ್. ಉದ್ದನೆಯ ಕಪ್ಪು ಪೆಟ್ಟಿಗೆ, ಮುಂದೆ ಸಾಲಾಗಿ ಪೋರ್ಟುಗಳು, ಪ್ರತಿ ಪೋರ್ಟಿನ ಮೇಲೆ ಮಿಣುಕುವ ಹಸಿರು ದೀಪ. ಚೌಕಟ್ಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಅದರಲ್ಲಿ ಪಾಸ್‌ವರ್ಡ್ ಬರೆದಿತ್ತು.

“ಇದೇನು, ಬಂದ ನೆಂಟರಿಗೆ ಅನುಕೂಲ ಆಗ್ಲಿ ಅಂತಲಾ?” ಎಂದಳು ಇನ್ಶಿರಾ.

ಅಲ್ಲಿ ಕಾಯುತ್ತಿದ್ದ ಇಂಜಿನಿಯರ್ ನಝ್ಮಿಯ ಮುಖ ಕೆಂಪಾಯಿತು. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಅವನು. ರೇಷ್ಮೆ ಟೈ, ಕೈಯಲ್ಲಿ ಎರಡು ಫೋನು, ಜೇಬಿನಲ್ಲಿ ಮೂರು ಪೆನ್ನು. ಬಾಯಿ ತೆರೆದರೆ ಕೈರೋದ ಸಮ್ಮೇಳನಗಳ ಸುದ್ದಿ.

“ಕೋಣೆಗೆ ಬೀಗ ಇದೆಯಲ್ಲ ಮೇಡಂ,” ಎಂದ.

“ಕೀಲಿ ಯಾರ್‍ಯಾರ ಹತ್ತಿರ?”

“ನನ್ನ ಹತ್ತಿರ. ಮತ್ತೆ ಭದ್ರತೆಯವರ ಹತ್ತಿರ ಹೇಗೂ ಎಲ್ಲದರದ್ದೂ ಇರುತ್ತೆ.”

ಕರ್ನಲ್ ಬಾಗಿಲಿಗೆ ಒರಗಿ ನಿಂತ. “ನಾನು ಇಲ್ಲೇ ಇರ್‍ತೀನಿ, ಆದ್ರೆ ನನ್ನನ್ನ ಏನೂ ಕೇಳಬೇಡಿ. ನಾನು ಕಾಲಾಳು ಪಡೆಯವನು. ಬೂಟು, ಬಂದೂಕು, ಮರಳು, ಅಷ್ಟೇ. ಈ ವೈರುಗಳ ವಿಷಯ ನನಗೆ ಒಂದಕ್ಷರ ಬರಲ್ಲ.”

ಅದನ್ನು ಹೇಳುವ ಅಗತ್ಯವೇನಿತ್ತು, ನೋಡಿದರೇ ತಿಳಿಯುತ್ತೆ ಎಂದುಕೊಂಡಳು ಇನ್ಶಿರಾ. ಲ್ಯಾಪ್‌ಟಾಪನ್ನು ನೀರಿನ ಪೆಟ್ಟಿಗೆಯ ಮೇಲಿಟ್ಟು ಹಿಂದಕ್ಕೆ ಕೈಚಾಚಿದಳು. “ಪಾಶಾ, ಆ ಚೀಲದಿಂದ ಕೇಬಲ್ ಕೊಡಿ.”

ಚೀಲದಲ್ಲಿ ಮೂರ್ನಾಲ್ಕು ಬಗೆಯ ಕೇಬಲುಗಳಿದ್ದವು. ಕರ್ನಲ್ ಚಪ್ಪಟೆಯಾದ ತಿಳಿನೀಲಿಯದನ್ನು ಎತ್ತಿ ಕೊಟ್ಟ. ಅವಳು ಅದನ್ನು ಸ್ವಿಚ್ಚಿನ ಮೂಲೆಯ ಪೋರ್ಟಿಗೆ ಸಿಕ್ಕಿಸಿ, ಚೀಟಿಯಲ್ಲಿದ್ದ ಪಾಸ್‌ವರ್ಡ್ ಒತ್ತಿ ಒಳಹೊಕ್ಕಳು.

ಒಂದೊಂದೇ ಪೋರ್ಟಿನ ವ್ಯವಸ್ಥೆ ಪರದೆಯ ಮೇಲೆ ಹಾದುಹೋಯಿತು. ಎಲ್ಲವೂ ಒಂದೇ ಥರ. ಹದಿನೇಳನೆಯದು ಮಾತ್ರ ಬೇರೆ.

“ಇಂಜಿನಿಯರ್ ಸಾಹೇಬ್ರೇ, ಹದಿನೇಳು, ಹದಿನೆಂಟು ಎಲ್ಲಿಗೆ ಹೋಗ್ತವೆ?”

ನಝ್ಮಿ ಫೋನಿನಲ್ಲಿ ಏನನ್ನೋ ಹುಡುಕಿದ. “ಟೀ ಕೋಣೆಗೆ. ಗೋಡೆಯ ಎರಡು ತೂತು.”

“ಅವೆರಡನ್ನೇ ಶಹಾತಾ ಕಾಕಾ ಒಂದು ವೈರಿನಿಂದ ಸೇರಿಸಿದ್ದು. ಈಗ ಇಲ್ಲಿ ನೋಡಿ. ಬೇರೆ ಎಲ್ಲಾ ಪೋರ್ಟಿಗೂ ಗಾರ್ಡ್ ಇದೆ. ಹದಿನೇಳಕ್ಕೆ ಫಿಲ್ಟರ್ ಹಾಕಿದಾರೆ.”

“ಫಿಲ್ಟರ್ ಅಂದ್ರೆ ಒಳ್ಳೇದೇ ಅಲ್ವಾ ಮೇಡಂ? ಕೊಳೆ ಸೋಸುತ್ತೆ.”

ಇನ್ಶಿರಾ ಅವನನ್ನು ಒಂದು ಕ್ಷಣ ದಿಟ್ಟಿಸಿದಳು. ಬಾಯಲ್ಲಿದ್ದ ಬೀಜದ ಸಿಪ್ಪೆಯನ್ನು ನಿಧಾನವಾಗಿ ಅಂಗೈಗೆ ಉಗಿದಳು.

“ಸಾಹೇಬ್ರೇ, ಇದು ನಲ್ಲಿಗೆ ಕಟ್ಟೋ ಬಟ್ಟೆ ಅಲ್ಲ.”

“ನನಗೂ ಸ್ವಲ್ಪ ಬಿಡಿಸಿ ಹೇಳಿ ಮೇಡಂ,” ಎಂದ ಬಾಗಿಲಲ್ಲಿದ್ದ ಕರ್ನಲ್. “ಪೊಲೀಸರು ಕೇಳಿದ್ರೆ ನಾನೂ ಎರಡು ಮಾತು ಹೇಳಬೇಕಲ್ಲ.”

“ಹೇಳ್ತೀನಿ. ಸ್ವಿಚ್ ಅಂದ್ರೆ ಚಾಡಿಕೋರ ಅಂದ್ಕೊಳ್ಳಿ. ಎಲ್ಲರಿಗೂ ಅಂತ ಒಂದು ಸುದ್ದಿ ಒಂದು ಕಡೆಯಿಂದ ಬಂದ್ರೆ, ಉಳಿದ ಎಲ್ಲಾ ಬಾಗಿಲಲ್ಲೂ ಅದನ್ನೇ ಒದರುತ್ತೆ. ಎರಡು ಬಾಗಿಲನ್ನ ಒಂದು ವೈರಿನಿಂದ ಸೇರಿಸಿದ್ರೆ, ತಾನೇ ಒದರಿದ್ದು ತನ್ನ ಹತ್ತಿರಾನೇ ವಾಪಸ್ ಬರುತ್ತೆ. ಹೊಸಾ ಸುದ್ದಿ ಅಂತ ಮತ್ತೆ ಒದರುತ್ತೆ. ಮತ್ತೆ ಬರುತ್ತೆ, ಮತ್ತೆ ಒದರುತ್ತೆ. ಕಣ್ಣುಮುಚ್ಚಿ ತೆಗೆಯೋದರೊಳಗೆ ಇಡೀ ಆಸ್ಪತ್ರೆಯ ವೈರೆಲ್ಲಾ ಆ ಒಂದೇ ಕಸದಿಂದ ತುಂಬಿಹೋಗಿ ಬೇರೆ ಯಾವ ಮಾತಿಗೂ ಜಾಗ ಇರಲ್ಲ. ಅದೇ ಭಾನುವಾರ ಆಗಿದ್ದು.”

“ಅದಕ್ಕೆ ತಡೆ ಇಲ್ವಾ?”

“ಇದೆ. ಸ್ಪ್ಯಾನಿಂಗ್ ಟ್ರೀ ಅಂತ. ಸ್ವಿಚ್ಚು ಪ್ರತಿ ಬಾಗಿಲಲ್ಲೂ ಆಗಾಗ ಕೂಗು ಹಾಕ್ತಾ ಇರುತ್ತೆ. ತನ್ನ ಕೂಗು ತನಗೇ ಕೇಳಿಸಿದ್ರೆ, ಎಲ್ಲೋ ವೈರು ಸುತ್ತುಹಾಕಿದೆ ಅಂತ ತಿಳ್ಕೊಂಡು ಒಂದು ಬಾಗಿಲು ಮುಚ್ಚುತ್ತೆ. ಗಾರ್ಡ್ ಇದ್ರೆ ಇನ್ನೂ ಖಡಕ್. ಕೂಗು ಕೇಳಿದ ತಕ್ಷಣ ಆ ಪೋರ್ಟಿಗೆ ಬೀಗ. ಟೀ ಕೋಣೆ ಮಾತ್ರ ಸಾಯ್ತಿತ್ತು, ಆಸ್ಪತ್ರೆ ಆರಾಮಾಗಿ ಇರ್ತಿತ್ತು. ಫಿಲ್ಟರ್ ಹಾಕಿದ್ರೆ? ಆ ಪೋರ್ಟು ಕೂಗೋದೂ ಇಲ್ಲ, ಕೂಗಿದ್ದು ಕೇಳಿಸ್ಕೊಳ್ಳೋದೂ ಇಲ್ಲ. ಯಾರೋ ಹದಿನೇಳನೇ ಪೋರ್ಟಿನ ಬಾಯಿಗೆ ಬಟ್ಟೆ ತುರುಕಿ ಕಿವಿಗೆ ಹತ್ತಿ ಇಟ್ಟಿದಾರೆ. ಆಮೇಲೆ ಟೀ ಕೋಣೇಲಿ ವೈರು ನೇತುಹಾಕಿ ಸುಮ್ಮನೆ ಕಾದಿದಾರೆ. ಉಳಿದ ಕೆಲಸ ಕಾಕಾನ ಕೈ ಮಾಡುತ್ತೆ ಅಂತ ಅವರಿಗೆ ಗೊತ್ತಿತ್ತು.”

ಕರ್ನಲ್ ತಲೆದೂಗಿದ. “ಅಬ್ಬಾ, ತಲೆ ತಿರುಗುತ್ತೆ.”

ತಿರುಗೋಕೆ ಒಳಗೆ ಏನಾದರೂ ಇರಬೇಕಲ್ಲ ಎಂದು ಇನ್ಶಿರಾ ಮನಸ್ಸಿನಲ್ಲೇ ಅಂದುಕೊಂಡು, ಫೋನ್ ತೆಗೆದು ಪರದೆಯ ಚಿತ್ರ ಹಿಡಿದಳು.

“ಕಾರ್ಖಾನೆಯಿಂದ ಬರುವಾಗಲೇ ಹಾಗಿತ್ತೇನೋ,” ಎಂದ ನಝ್ಮಿ.

“ಒಂದು ಪೋರ್ಟಿಗೆ ಮಾತ್ರ? ಅದೂ ಟೀ ಕೋಣೆಯದಕ್ಕೆ? ಕಾರ್ಖಾನೆಯವರಿಗೆ ನಿಮ್ಮ ಟೀ ಮೇಲೆ ಏನು ಸಿಟ್ಟು?”

ನಝ್ಮಿ ಟೈ ಸಡಿಲಿಸಿದ. ಕೋಣೆಯಲ್ಲಿ ಗಾಳಿಯಾಡುತ್ತಿರಲಿಲ್ಲ.

“ಭಾನುವಾರ ಜಾಲ ಸತ್ತಾಗ ನೀವು ಏನು ಮಾಡಿದ್ರಿ?” ಎಂದು ಕೇಳಿದಳು.

“ಎಲ್ಲರೂ ಮಾಡೋದೇ. ಸ್ವಿಚ್ಚಿನ ಕರೆಂಟ್ ಕಿತ್ತು ಮತ್ತೆ ಹಾಕಿದೆ. ಎರಡು ಸಲ. ಏಳಲಿಲ್ಲ. ಕೊನೆಗೆ ಪಾಶಾನ ಜನ ಟೀ ಕೋಣೆಯ ವೈರು ನೋಡಿ ಕಿತ್ತ ಮೇಲೆ ಎದ್ದಿತು.”

“ಅಲ್ಲೇ ಇದೆ ವಿಷಯ.” ಇನ್ಶಿರಾ ಎದ್ದು ನಿಂತಳು. ಅವಳ ದನಿಯಲ್ಲಿ ಮೊದಲ ಸಲ ಖುಷಿ ಕಂಡಿತು. “ಸ್ವಿಚ್ಚಿಗೆ ಏನು ಹೇಳಿದ್ರೂ ಅದು ತಲೇಲಿ ಇಟ್ಕೊಳ್ಳುತ್ತೆ ಅಷ್ಟೇ. ಕರೆಂಟ್ ಹೋದ್ರೆ ಮರೆತುಬಿಡುತ್ತೆ, ಹಳೇದಕ್ಕೆ ಹೋಗುತ್ತೆ. ಉಳೀಬೇಕು ಅಂದ್ರೆ ಕೊನೇಲಿ ಎರಡಕ್ಷರ ಒತ್ತಿ ಎಂಟರ್ ಹೊಡೀಬೇಕು. ಕೊಲೆಗಾರ ಅದನ್ನ ಒತ್ತಿದಾನೆ, ಅದಕ್ಕೇ ಫಿಲ್ಟರ್ ಇನ್ನೂ ಇಲ್ಲಿದೆ. ಒತ್ತಬಾರದಿತ್ತು. ಒತ್ತದೇ ಇದ್ದಿದ್ರೆ ನೀವು ಕರೆಂಟ್ ಕಿತ್ತ ತಕ್ಷಣ ಫಿಲ್ಟರ್ ಅಳಿಸಿಹೋಗ್ತಿತ್ತು, ಗಾರ್ಡ್ ವಾಪಸ್ ಬರ್ತಿತ್ತು. ಯಾರು ಬಂದು ನೋಡಿದ್ರೂ ಎಲ್ಲಾ ಸರಿಯಾಗೇ ಇದೆ, ಟೀ ಮಾಡೋನದ್ದೇ ತಪ್ಪು. ನೀವು ಕರೆಂಟ್ ಕೀಳ್ತೀರಿ ಅನ್ನೋದು ಅವನಿಗೆ ಗ್ಯಾರಂಟಿ ಗೊತ್ತಿತ್ತು. ನಿಮಗೆ ಬೇರೇನು ಬರುತ್ತೆ?”

“ಮತ್ತೆ ಯಾಕೆ ಒತ್ತಿದ? ದಡ್ಡನಾ?” ಎಂದ ಕರ್ನಲ್.

“ದಡ್ಡನಿಗೆ ಆ ಎರಡಕ್ಷರ ಗೊತ್ತೇ ಇರಲ್ಲ ಪಾಶಾ. ಇದು ಪಳಗಿದ ಕೈ. ವರ್ಷಗಟ್ಟಲೆ ಪ್ರತಿ ಕೆಲಸದ ಕೊನೇಲೂ ಒತ್ತಿ ಒತ್ತಿ, ಬೆರಳಿಗೇ ಅಂಟಿಹೋಗಿದೆ. ಉಳಿಸದೇ ಬಿಟ್ಟು ಎದ್ದು ಹೋದ್ರೆ ಅಂಥವನಿಗೆ ಕೈ ತುರಿಸುತ್ತೆ. ಕಾಕಾಗೆ ವೈರು ನೇತಾಡೋದು ಕಂಡಾಗ ಆಗೋ ಹಾಗೆ. ಮುದುಕನ ಚಟ ನಂಬಿ ಬೋನಿಟ್ಟವನು ತನ್ನ ಚಟ ಮರೆತ.”

ಅವಳು ನಝ್ಮಿಯ ಕಡೆ ತಿರುಗಿದಳು. “ಈ ಆಸ್ಪತ್ರೇಲಿ ಪಳಗಿದ ಕೈ ಯಾರದ್ದು ಸಾಹೇಬ್ರೇ?”

“ನನ್ನ ಮೇಲೆ ಅನುಮಾನವಾ? ನಾನು ವಿಭಾಗದ ಮುಖ್ಯಸ್ಥ!”

“ಅದಕ್ಕೇ ಕೇಳಿದ್ದು. ಬನ್ನಿ, ಕೂತ್ಕೊಳ್ಳಿ. ಹದಿನೇಳನೇ ಪೋರ್ಟಿನ ಫಿಲ್ಟರ್ ತೆಗೆದು ಗಾರ್ಡ್ ಹಾಕಿ. ನಿಮ್ಮಂಥವರಿಗೆ ಅದು ಎಡಗೈ ಕೆಲಸ.”

ನಝ್ಮಿ ಕೂತ. ಎರಡೂ ಫೋನುಗಳನ್ನು ಪೆಟ್ಟಿಗೆಯ ಮೇಲಿಟ್ಟ. ತೋರುಬೆರಳೊಂದನ್ನು ಕೀಲಿಮಣೆಯ ಮೇಲೆ ಎತ್ತಿ ಹಿಡಿದು, ಹೇನು ಹುಡುಕುವವನ ಹಾಗೆ ಅಕ್ಷರ ಹುಡುಕತೊಡಗಿದ. ಏನೋ ಒತ್ತಿದ. ತಪ್ಪು ಎಂದು ಬಂತು. ಇನ್ನೇನೋ ಒತ್ತಿದ. ಅದೂ ತಪ್ಪು. ಕಿವಿಯ ಹಿಂದಿನಿಂದ ಬೆವರು ಇಳಿಯಿತು.

“ನಮ್ಮ ಹುಡುಗರು ಮಾಡ್ತಾರೆ ಇದನ್ನೆಲ್ಲ,” ಎಂದ ಕೊನೆಗೆ.

“ಯಾವ ಹುಡುಗರು? ಕರೀರಿ.”

“ಕೈರೋದ ಗುತ್ತಿಗೆ ಕಂಪನಿಯವರು. ರಂಜಾನಿಗೆ ಮೊದಲು ಬಂದಿದ್ರು. ಆಮೇಲೆ ಬಂದಿಲ್ಲ.”

“ಅಂದ್ರೆ ನಿಮಗೆ ಗೊತ್ತಿಲ್ಲ.”

“ಗೊತ್ತಿಲ್ಲ ಅಂತಲ್ಲ, ನಾನು ಮೇಲ್ವಿಚಾರಣೆ...”

“ನೀವು ಓದಿದ್ದು ಯಾವ ಇಂಜಿನಿಯರಿಂಗ್ ಸಾಹೇಬ್ರೇ?”

ನಝ್ಮಿ ಫೋನೊಂದನ್ನು ಎತ್ತಿ ಮತ್ತೆ ಕೆಳಗಿಟ್ಟ. ಕರ್ನಲ್ ಕೆಮ್ಮಿ ಛಾವಣಿ ನೋಡಿದ.

“ಕೃಷಿ,” ಎಂದ ನಝ್ಮಿ ತಗ್ಗಿದ ದನಿಯಲ್ಲಿ. “ಕೃಷಿ ಕಾಲೇಜಿನವರನ್ನೂ ಇಂಜಿನಿಯರ್ ಅಂತಾನೇ ಕರೀತಾರಲ್ಲ. ಎಲ್ಲಾ ಕಡೆ ಹಾಗೇ ಕರೀತಾರೆ. ನಾನೇನು ಸುಳ್ಳು ಹೇಳಿಲ್ಲ.”

“ಇಲ್ಲ ಇಲ್ಲ, ಸುಳ್ಳಲ್ಲ. ದನದ ಮೇವಿನ ಇಂಜಿನಿಯರ್ ಕೈಗೆ ಐಸಿಯು ಕೊಟ್ಟಿದಾರೆ. ಎಷ್ಟು ವರ್ಷದಿಂದ ಈ ಕುರ್ಚೀಲಿ ಮೇಯ್ತಾ ಇದೀರಿ?”

“ಮೇಡಂ, ಮರ್ಯಾದೆ!”

“ಮರ್ಯಾದೆ ಕೆಳಗಡೆ ಬೆಂಚಿಗೆ ಕಟ್ಟಿಹಾಕಿದೀರಿ. ನಿಮಗೆ ಒಂದು ಪೋರ್ಟು ನೋಡೋಕೆ ಬರದೇ ಇದ್ದಿದ್ದಕ್ಕೆ ಆ ಮುದುಕ ಜೈಲಿಗೆ ಹೋಗ್ತಿದಾನೆ. ಅದು ಗೊತ್ತಿದ್ದೂ ಬೆಳಿಗ್ಗೆಯಿಂದ ಟೈ ಕಟ್ಕೊಂಡು ಓಡಾಡ್ತಿದೀರಿ. ಕೊಲೆಗಾರನ ಮೇಲೆ ನನಗೆ ಸಿಟ್ಟಿದೆ. ನಿಮ್ಮನ್ನ ಕಂಡ್ರೆ ಬರೀ ಹೇಸಿಗೆ. ಏಳಿ.”

ಅವನು ಎದ್ದ. ಅವಳು ಕೂತು, ಅವನು ಹುಡುಕಾಡುತ್ತಿದ್ದ ಕೆಲಸವನ್ನು ಅವನು ಕಣ್ಣುಜ್ಜಿಕೊಳ್ಳುವುದರೊಳಗೆ ಮುಗಿಸಿದಳು. ಫಿಲ್ಟರ್ ಹೋಯಿತು, ಗಾರ್ಡ್ ಬಂತು. ಆ ಎರಡಕ್ಷರವನ್ನು ಮಾತ್ರ ಬೇಕೆಂದೇ ಒತ್ತಲಿಲ್ಲ. ಕೊಲೆಗಾರ ಉಳಿಸಿಹೋದದ್ದು ಸ್ವಿಚ್ಚಿನ ಹೊಟ್ಟೆಯಲ್ಲಿ ಹಾಗೇ ಇರಬೇಕು. ನ್ಯಾಯಾಧೀಶರ ಎದುರು ಕರೆಂಟ್ ಕಿತ್ತು ಹಾಕಿದರೆ ಅದೇ ಎದ್ದು ಬರಬೇಕು.

ಆಮೇಲೆ ಹದಿನೇಳು ಮತ್ತು ಹದಿನೆಂಟರ ವೈರು ಕಿತ್ತು, ಚೀಲದಿಂದ ಗೇಣುದ್ದದ ವೈರು ತೆಗೆದು, ಎರಡು ಪೋರ್ಟುಗಳ ನಡುವೆ ಸಿಕ್ಕಿಸಲು ಹೋದಳು.

“ಬೇಡ ಮೇಡಂ! ಆಸ್ಪತ್ರೆ ಮತ್ತೆ ಸಾಯುತ್ತೆ!” ನಝ್ಮಿ ಕಿರುಚಿ ತಲೆ ತಗ್ಗಿಸಿದ, ಸ್ವಿಚ್ಚು ಸಿಡಿಯುತ್ತದೆ ಎಂಬಂತೆ.

ಅವಳು ಸಿಕ್ಕಿಸಿದಳು. ಒಂದೇ ಒಂದು ದೀಪ ಹಸಿರಿನಿಂದ ಕಿತ್ತಳೆಗೆ ತಿರುಗಿತು. ಉಳಿದವೆಲ್ಲ ತಮ್ಮ ಪಾಡಿಗೆ ಮಿಣುಕುತ್ತಿದ್ದವು. ಹೊರಗಿನ ಕಾರಿಡಾರಿನಲ್ಲಿ ದಾದಿಯೊಬ್ಬಳ ಮೇಜಿನ ಫೋನ್ ರಿಂಗಾಯಿತು, ಅವಳು ಎತ್ತಿ ಯಾರನ್ನೋ ಬೈದಳು.

“ನೋಡಿದ್ರಾ? ಗಾರ್ಡ್ ಇದ್ದಿದ್ರೆ ಕಾಕಾ ಸಿಕ್ಕಿಸಿದ್ದಕ್ಕೆ ಆಗ್ತಿದ್ದದ್ದು ಇಷ್ಟೇ. ಒಂದು ದೀಪ.”

ನಝ್ಮಿ ತನ್ನ ಫೋನುಗಳನ್ನು ಎತ್ತಿಕೊಂಡು ಹೊರಟುಹೋದ. ಅವನು ಕೊಲೆಗಾರನಲ್ಲ. ಕೊಲೆ ಮಾಡಲೂ ಏನಾದರೂ ಬರಬೇಕು. ಅವನ ದಡ್ಡತನವೇ ಅವನನ್ನು ಉಳಿಸಿತ್ತು.

ಇನ್ಶಿರಾ ಮೊಣಕಾಲೂರಿ, ಗೇಣುದ್ದದ ವೈರು ಕಿತ್ತು, ಮೊದಲಿನ ವೈರುಗಳನ್ನು ಅವುಗಳ ಪೋರ್ಟುಗಳಿಗೆ ಮತ್ತೆ ಹಾಕತೊಡಗಿದಳು. ಹೊರಗಿನ ಮಸೀದಿಯಲ್ಲಿ ನಮಾಝ್ ಮುಗಿದು ಜನ ಚಪ್ಪಲಿ ಹುಡುಕುವ ಗಲಾಟೆ ಕೇಳಿಸುತ್ತಿತ್ತು. ಕಾವಲುಗಾರನೊಬ್ಬ ಬಾಗಿಲಿಗೆ ಬಂದ.

“ಪಾಶಾ, ವ್ಯಾನ್ ಬಂತು. ಶಹಾತಾನ ಕೆಳಗೆ ಇಳಿಸ್ಲಾ?”

“ಇಳಿಸು,” ಎಂದ ಕರ್ನಲ್.

“ಬೇಡ. ನಾನು ಬರೋವರೆಗೂ ಅಲ್ಲೇ ಇರ್ಲಿ, ಇನ್ನೊಂದು ನಿಮಿಷ,” ಎಂದಳು ಇನ್ಶಿರಾ ತಿರುಗಿ ನೋಡದೆ. ಎರಡೂ ಕೈಗೆ ಧೂಳು ಮೆತ್ತಿತ್ತು. “ಪಾಶಾ, ಪುಣ್ಯ ಬರುತ್ತೆ, ಆ ಲ್ಯಾಪ್‌ಟಾಪ್ ಮುಚ್ಚಿಬಿಡಿ.”

ಕರ್ನಲ್ ಎರಡು ಹೆಜ್ಜೆ ಮುಂದೆ ಬಂದ. ಅವಳು ಹದಿನೆಂಟನೆಯದನ್ನು ಸಿಕ್ಕಿಸಿ, ಧೂಳು ಒರೆಸಿಕೊಳ್ಳುತ್ತಾ ಸುಮ್ಮನೆ ತಲೆಯೆತ್ತಿದಳು.

ಅವನು ಕಾವಲುಗಾರನ ಕಡೆ ನೋಡುತ್ತಾ ಏನೋ ಹೇಳುತ್ತಿದ್ದ. ಬಲಗೈ ಕೀಲಿಮಣೆಯ ಮೇಲೆ ಇಳಿಯಿತು. ಪರದೆಯತ್ತ ಕಣ್ಣು ಹೋಗಲೇ ಇಲ್ಲ. ಬೆರಳುಗಳು ಎರಡಕ್ಷರ ಒತ್ತಿದವು. ಕಿರುಬೆರಳು ಎಂಟರ್ ಹೊಡೆಯಿತು. ಆಮೇಲೆ ಕೈ ಮುಚ್ಚಳ ಹಿಡಿದು ಮಡಿಸಿತು.

ಇಷ್ಟೇ. ಊಟವಾದ ಮೇಲೆ ಕೈ ತೊಳೆದಷ್ಟು ಸಹಜವಾಗಿತ್ತು.

ಇನ್ಶಿರಾಳ ಬಾಯಲ್ಲಿದ್ದ ಬೀಜ ಅಲ್ಲೇ ನಿಂತಿತು. ಮೂರ್ನಾಲ್ಕು ಬಗೆಯ ಕೇಬಲುಗಳ ನಡುವಿನಿಂದ ಸರಿಯಾದದ್ದನ್ನೇ ಎತ್ತಿಕೊಟ್ಟ ಕೈ ಅದು. ಎಲ್ಲ ಬೀಗಗಳ ಗೊಂಚಲು ಅವನದೇ ಸೊಂಟದಲ್ಲಿತ್ತು. ಕರೆಂ‌ಟ್ ಕಿತ್ತರೂ ಜಾಲ ಏಳದಿದ್ದಾಗ, ಇಡೀ ಆಸ್ಪತ್ರೆಯನ್ನು ಬಿಟ್ಟು ನೇರ ಟೀ ಕೋಣೆಗೆ ನುಗ್ಗಿದ್ದು ಅವನ ಜನ. ಎಲ್ಲವೂ ಬೆಳಿಗ್ಗೆಯಿಂದ ಅವಳ ಕಣ್ಣೆದುರಿಗೇ ಇತ್ತು. ಬೂಟಿನವನು, ಮರಳಿನವನು, ತಲೆಯಿಲ್ಲದವನು ಎಂದು ತೀರ್ಮಾನಿಸಿ ಅವನನ್ನು ನೋಡುವ ಗೋಜಿಗೇ ಹೋಗಿರಲಿಲ್ಲ. ನಝ್ಮಿಯನ್ನು ಹೀಯಾಳಿಸುವ ಸುಖದಲ್ಲಿ ಮುಳುಗಿದ್ದಳು. ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು.

ಸ್ವಿಚ್ಚಿನಲ್ಲಿದ್ದ ಸಾಕ್ಷಿಯೂ ಅಳಿದಿತ್ತು. ಅವಳು ಹಾಕಿದ ಗಾರ್ಡನ್ನು ಅವನ ಬೆರಳು ಶಾಶ್ವತ ಮಾಡಿತ್ತು. ಇನ್ನು ಉಳಿದದ್ದು ಅವಳ ಫೋನಿನಲ್ಲಿದ್ದ ಆ ಒಂದು ಚಿತ್ರ.

ಈಗ ಮಾಡಬೇಕಾದದ್ದು ಬಹಳ ಸುಲಭ. ಏನೂ ಕಾಣದವಳಂತೆ ಎದ್ದು, ಚೀಲ ಹೆಗಲಿಗೇರಿಸಿ, ಕಾವಲುಗಾರನ ಹಿಂದೆ ಮೆಟ್ಟಿಲಿಳಿದು, ಶಹಾತಾನ ಪಕ್ಕದಲ್ಲಿ ನಿಂತು ಪೊಲೀಸರ ಕೈಗೆ ಫೋನ್ ಕೊಡುವುದು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮುದುಕ ಸಂಜೆಗೆ ಮನೆ ಸೇರುತ್ತಾನೆ.

ಅವಳು ಎದ್ದಳು. ಚೀಲ ಎತ್ತಿಕೊಂಡಳು. ಕಾವಲುಗಾರ ಆಗಲೇ ಕಾರಿಡಾರಿನ ತುದಿ ಮುಟ್ಟಿದ್ದ. ಕರ್ನಲ್ ಬಾಗಿಲಲ್ಲಿ ಪಕ್ಕಕ್ಕೆ ಸರಿದು, “ಬನ್ನಿ ಮೇಡಂ,” ಎಂದು ದಾರಿ ಬಿಟ್ಟ. ಮುಖದ ಮೇಲೆ ಅದೇ ಸೌಜನ್ಯದ ಮುಗುಳ್ನಗೆ, ಪೆದ್ದುಪೆದ್ದಾಗಿ.

ಆ ನಗೆಯನ್ನು ಅವಳು ತಡೆಯಲಾರದೆ ಹೋದಳು. ಬುದ್ಧಿ ಬೇಡ ಎನ್ನುವುದರೊಳಗೆ ನಾಲಿಗೆ ಅಂದುಬಿಟ್ಟಿತ್ತು.

“ಕಾಲಾಳು ಪಡೇಲಿ ಇದನ್ನೂ ಕಲಿಸ್ತಾರಾ, ಪಾಶಾ?”

ಕರ್ನಲ್ ಅವಳನ್ನು ನೋಡಿದ. ಮಡಿಸಿಟ್ಟಿದ್ದ ಲ್ಯಾಪ್‌ಟಾಪ್ ನೋಡಿದ. ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡ, ಬೇರೆ ಯಾರದ್ದೋ ಕೈ ನೋಡುವವನಂತೆ. ಮುಗುಳ್ನಗೆ ನಿಧಾನವಾಗಿ ಇಳಿದುಹೋಯಿತು.

“ಇಪ್ಪತ್ತೆರಡು ವರ್ಷ ಸೈನ್ಯದ ಸಂಪರ್ಕ ದಳದಲ್ಲಿ ಇದೇ ಕೆಲಸ ಮಾಡ್ತಿದ್ದೆ,” ಎಂದ. “ಹಾಳು ಬೆರಳು.”

ಅವನು ಒಳಗೆ ಬಂದು ಬೆನ್ನ ಹಿಂದೆ ಬಾಗಿಲು ಎಳೆದುಕೊಂಡ. ಗೊಂಚಲಿನಿಂದ ಕೀಲಿಯನ್ನು ಹುಡುಕದೆಯೇ ಬೇರ್ಪಡಿಸಿ ಒಳಗಿನಿಂದ ತಿರುಗಿಸಿದ. ಆಮೇಲೆ ಅಂಗೈ ಚಾಚಿದ.

“ಫೋನ್ ಕೊಡಿ, ಮೇಡಂ.”

ಕೆಳಗಿನ ಅಂಗಳದಲ್ಲಿ ವ್ಯಾನಿನ ಹಿಂಬಾಗಿಲು ತೆರೆದ ಸದ್ದಾಯಿತು. ಬಾಗಿಲ ಮೇಲಿನ ಸಣ್ಣ ಜಾಲರಿಯಿಂದ ಶಹಾತಾನ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಸ್ವಲ್ಪ ತಡೀರಪ್ಪಾ, ಇಂಜಿನಿಯರಮ್ಮ ಬರ್ತಾರೆ. ಆಣೆ ಮಾಡಿದಾರೆ.”